ಸುಬ್ಬಾತಾಳ್ ಅತ್ತೆಯ ಕಡಸು

ಸೆಂಗಾಟುಪಾಳಯಕ್ಕೆ ಆ ಕ್ಯಾನು ಬಂದದ್ದು ೧೯೮೩ರ ಆಡಿ ತಿಂಗಳ ಆಷಾಢ ಗಾಳಿಯಲ್ಲಿ. ತಮಿಳುನಾಡಿನ ಕಾಂಗೇಯಂನಿಂದ ತಾರಾಪುರದ ರಸ್ತೆ ಹಿಡಿದು ಐದಾರು ಮೈಲಿ ಹೋಗಿ, ಎಡಕ್ಕೆ ಮಣ್ಣುದಾರಿಗೆ ಹೊರಳಿದರೆ ಸಿಗುವ ಊರು ಅದು. ಸೈಕಲ್ಲಿನ ಕ್ಯಾರಿಯರಿಗೆ ಗೋಣಿತಾಟು ಸುತ್ತಿ, ಹಸುಗೂಸನ್ನು ಕೂರಿಸಿದಷ್ಟು ಜತನದಿಂದ ಕ್ಯಾನನ್ನು ಕಟ್ಟಿ ತಂದವನು ಆಗಷ್ಟೇ ಪಶುಸಂಗೋಪನೆಯ ತರಬೇತಿ ಮುಗಿಸಿದ್ದ ಆ ಊರಿನ ದಂಡಪಾಣಿ. ಗಾಳಿ ಎದುರಿಗೆ ಬೀಸುತ್ತಿದ್ದುದರಿಂದ ಅರ್ಧ ದಾರಿ ತುಳಿದು, ಅರ್ಧ ದಾರಿ ತಳ್ಳಿಕೊಂಡೇ ಬಂದಿದ್ದ.

ಹಾಲಿನ ಸೊಸೈಟಿಯ ಮುಂದೆ ಜನ ಸೇರಿದರು. ಅವನು ಮುಚ್ಚಳ ತೆಗೆದ. ಬಿಳಿ ಹೊಗೆ ಉಕ್ಕಿ, ಕ್ಯಾನಿನ ಕುತ್ತಿಗೆಯಿಂದ ಇಳಿದು ನೆಲದ ಮೇಲೆ ಹರಿಯಿತು. ಮುಂದೆ ನಿಂತಿದ್ದವರು ಕಾಲು ಹಿಂದಕ್ಕೆಳೆದುಕೊಂಡರು.

"ಇದರೊಳಗೆ ಎಷ್ಟು ಹೋರಿ ಕಟ್ಟಿದ್ದೀ ಕಣ್ಣು?" ಎಂದು ಸುಬ್ಬಾತಾಳ್ ಮುದ್ದಿನಿಂದ ಕರೆದು ಕೇಳಿದಾಗ ಎಲ್ಲರೂ ನಕ್ಕರು.

"ನಲವತ್ತು, ಅತ್ತೆ," ಎಂದು ದಂಡಪಾಣಿಯೂ ನಕ್ಕ. ಚಿಮಟದಿಂದ ಒಂದು ಸಣ್ಣ ಕಡ್ಡಿಯನ್ನು ಎತ್ತಿ ತೋರಿಸಿದ. ಬೆಟ್ಟದ ಮೇಲೆ ಸಾಕಿದ ಜೆರ್ಸಿ ಹೋರಿಯ ಬೀಜ ಅದರಲ್ಲಿ ಹೆಪ್ಪುಗಟ್ಟಿತ್ತು. ಬಿಸಿನೀರಿಗೆ ಅದ್ದಿ, ಬೆದೆಗೆ ಬಂದ ಹಸುವಿಗೆ ಹಾಕಿದರೆ ಆಯಿತು. ಹೋರಿಯನ್ನು ಕಣ್ಣಲ್ಲಿ ನೋಡಬೇಕಾಗಿಯೇ ಇಲ್ಲ. ಅದಕ್ಕೆ ಆ ಕಡೆಯವರೆಲ್ಲ ಸಿನೆ ಊಸಿ ಎನ್ನುತ್ತಿದ್ದರು, ಗಬ್ಬದ ಇಂಜೆಕ್ಷನ್ ಎಂದು. ಅಂದಿನಿಂದ ಅವನೂ ಊಸಿ ದಂಡಪಾಣಿಯಾದ.

ಊರಿನಲ್ಲಿ ಕನ್ನಡ ಮಾತಿನ ಮನೆ ಹದಿನಾರು. ಎಷ್ಟು ತಲೆಮಾರಿನ ಹಿಂದೆ ಬಂದರೋ ಯಾರಿಗೂ ಗೊತ್ತಿಲ್ಲ. ಹೊಲ, ಸಂತೆ, ಶಾಲೆ ಎಲ್ಲ ತಮಿಳಿನಲ್ಲಿ. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಕನ್ನಡವನ್ನು ಬರೆಯಲು ಓದಲು ಒಬ್ಬರಿಗೂ ಬರುತ್ತಿರಲಿಲ್ಲ. ಆರನೇ ವಯಸ್ಸಿಗೆ ಅಪ್ಪನನ್ನು ಕಳೆದುಕೊಂಡ ದಂಡಪಾಣಿಯನ್ನು ಸಾಕಿ ಬೆಳೆಸಿದವನು ಅವನ ತಾಯಿಯ ಅಣ್ಣ ಮಯಿಲ್‌ಸಾಮಿ. ಬೆಳೆಸಿ, ಹತ್ತನೇ ಕ್ಲಾಸು ಓದಿಸಿ, ಮಗಳು ಜಾನಮ್ಮನನ್ನೂ ಕೊಟ್ಟ.

ಮಯಿಲ್‌ಸಾಮಿಯ ಹೆಸರು ಸುತ್ತಲ ಊರುಗಳಿಗೆ ಗೊತ್ತಿದ್ದದ್ದು ಅವನ ಬೀಜದ ಹೋರಿಯಿಂದ. ಕಾಂಗೇಯಂ ತಳಿ, ಬೂದು ಮೈ, ಹಿಣಿಲಿನ ಹತ್ತಿರ ಕಪ್ಪು. ಎಂಟು ಹತ್ತು ಮೈಲಿಯಿಂದ ಜನ ಹಸು ನಡೆಸಿಕೊಂಡು ಬರುತ್ತಿದ್ದರು. ಬಂದ ಹಸುವಿಗೆಲ್ಲ ಅವನು ಹೋರಿ ಬಿಡುತ್ತಿರಲಿಲ್ಲ. ಮೊದಲು ಹಸುವಿನ ಹಿಂದೆ ನಿಂತು, ಸೊಂಟದ ಎರಡು ಮೂಳೆಯ ಮೇಲೂ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. "ಇನ್ನೊಂದು ವರ್ಷ ಮೇಯಲಿ, ಆಮೇಲೆ ಕರ್ಕೊಂಡು ಬಾ," ಎಂದು ಎಷ್ಟೋ ಕಡಸುಗಳನ್ನು ವಾಪಸು ಕಳಿಸಿದ್ದ. ನಸುಕಿಗೇ ಎದ್ದು ನಡೆದು ಬಂದವರು ಬೈದುಕೊಂಡು ಹೋಗುತ್ತಿದ್ದರು. ಮುಂದಿನ ವರ್ಷ ಅವರೇ ಬರುತ್ತಿದ್ದರು.

ದಂಡಪಾಣಿಗೆ ಮಾಮನ ಮೇಲೆ ಗೌರವವಿರಲಿಲ್ಲವೆಂದಲ್ಲ. ಆದರೆ ಆ ತಳಿಯ ಹಸು ಹೊತ್ತಿಗೆ ಒಂದೂವರೆ ಲೀಟರು ಹಿಂಡಿದರೆ ಹೆಚ್ಚು, ಅದರಲ್ಲೂ ಕರುವಿನ ಪಾಲು ಬಿಡಬೇಕು. ತರಬೇತಿಗೆ ಹೋದಲ್ಲಿ ದಿನಕ್ಕೆ ಹನ್ನೆರಡು ಲೀಟರು ಕೊಡುವ ಮಿಶ್ರತಳಿ ಹಸುವನ್ನು ಅವನು ಕಣ್ಣಾರೆ ಕಂಡಿದ್ದ. ಬಕೆಟ್ಟು ತುಂಬಿ ನೊರೆ ಚೆಲ್ಲುತ್ತಿತ್ತು. ತಮ್ಮೂರಿನ ಮಕ್ಕಳು ಸಜ್ಜೆಯ ಗಂಜಿ ಕುಡಿದು ಶಾಲೆಗೆ ಹೋಗುವುದು ನೆನಪಾಗಿ, ಅಲ್ಲೇ ನಿಂತು ಅವನಿಗೆ ಕಣ್ಣು ತುಂಬಿತ್ತು. ಅವನು ನಂಬಿದ್ದ. ಅವನ ಕಥೆಯಲ್ಲಿ ಮೋಸವೆಂಬುದು ಇದ್ದರೆ ಅದು ಆಮೇಲೆ ಬಂದದ್ದು.

ಮುಂದಿನ ಬೇಸಿಗೆಯ ಚಿತ್ತಿರೆ ಹೊತ್ತಿಗೆ ಮೊದಲ ಮಿಶ್ರ ಕರುಗಳು ಹುಟ್ಟಿದವು. ಊರಿನವರಿಗೆ ಧೈರ್ಯ ಬಂತು. ಆಗಲೇ ಕಾಂಗೇಯಂನ ಪಶುವೈದ್ಯ ಚೆನ್ನಕೇಶವನ್ ಸೊಸೈಟಿಯಲ್ಲಿ ಸಭೆ ಕರೆದು ಹೇಳಿದರು: ಊರಿನಲ್ಲಿ ನಾಟಿ ಹೋರಿ ಇರುವವರೆಗೆ ಮಿಶ್ರತಳಿಯ ಯೋಜನೆ ಸರಿಯಾಗಿ ನಡೆಯುವುದಿಲ್ಲ. ಊಸಿ ಹಾಕಿದ ಹಸುವನ್ನೇ ಜನ ಮತ್ತೆ ಹೋರಿಯ ಹತ್ತಿರ ಒಯ್ಯುತ್ತಾರೆ, ಯಾವ ಕರು ಯಾವುದರದೆಂದು ಲೆಕ್ಕ ಸಿಗುವುದಿಲ್ಲ. ಹೋರಿಯ ಬೀಜ ಒಡೆದುಬಿಡಿ.

ಮಯಿಲ್‌ಸಾಮಿ ಹಿಂದಿನ ಸಾಲಿನಲ್ಲಿ ಕೂತಿದ್ದ. ಜನ ತಿರುಗಿ ಅವನನ್ನು ನೋಡಿದರು. ದಂಡಪಾಣಿ ಎದ್ದು ನಿಂತು ಮಾತನಾಡಿದ. ಒಬ್ಬರಿಗೋಸ್ಕರ ಊರು ಹಿಂದೆ ಬೀಳಬಾರದು ಎಂದ. ಒಬ್ಬರು ಎಂದನೇ ಹೊರತು ಮಾಮ ಎನ್ನಲಿಲ್ಲ. ಕೈ ಎತ್ತಿಸಿದಾಗ ಊರು ಅವನ ಕಡೆಗಿತ್ತು.

ಎರಡು ದಿನ ಬಿಟ್ಟು ಮಯಿಲ್‌ಸಾಮಿ ತಾನೇ ಹೋರಿಯನ್ನು ಹಿಡಿದುಕೊಂಡು ಸೊಸೈಟಿಯ ಮುಂದೆ ಬಂದ. ಚೆನ್ನಕೇಶವನ್ ಇಕ್ಕಳ ತೆಗೆದರು.

"ಬೇರೆಯವರ ಕೈ ಬ್ಯಾಡ," ಎಂದು ಅಳಿಯನಿಗೆ ಹೇಳಿದ ಮಯಿಲ್‌ಸಾಮಿ. "ನೀನೇ ಮಾಡು ಮಾಪ್ಳೆ. ಅದಕ್ಕೆ ನಿನ್ನ ವಾಸನೆ ಗೊತ್ತು. ಒದೆಯಲ್ಲ."

ಹೋರಿ ಒದೆಯಲಿಲ್ಲ. ಇಕ್ಕಳ ಬಿಗಿಯಾದಾಗ ಒಮ್ಮೆ ನರಳಿತು, ಅಷ್ಟೆ. ರಕ್ತವೂ ಬರಲಿಲ್ಲ. ಐದು ನಿಮಿಷದ ಕೆಲಸ. ಮಯಿಲ್‌ಸಾಮಿ ಹಗ್ಗ ಬಿಚ್ಚಿ, ಕಿಳುವೆ ಮುಳ್ಳುಬೇಲಿಯ ಓಣಿಯಲ್ಲಿ ಹೋರಿಯ ಹೆಜ್ಜೆಗೆ ಸರಿಯಾಗಿ ನಿಧಾನ ನಡೆದು ಮನೆಗೆ ಹೋದ.

ಆ ಸಂಜೆ ದಂಡಪಾಣಿ ಜಾನಮ್ಮನನ್ನು ಕರೆದುಕೊಂಡು ಮಾಮನ ಮನೆಗೆ ಹೋದ. ಬಾಗಿಲಲ್ಲಿ ಕೂತಿದ್ದ ಮಯಿಲ್‌ಸಾಮಿ ಎದ್ದು ನಿಂತ.

"ವಾಂಗ ತಂಬಿ, ಉಕ್ಕಾರುಂಗ," ಎಂದ. ಬನ್ನಿ ತಮ್ಮ, ಕೂತ್ಕೊಳ್ಳಿ ಎಂದು.

ಜಾನಮ್ಮ ಗಾಬರಿಯಾಗಿ ಅಪ್ಪನ ಮುಖ ನೋಡಿದಳು. ಕರೆಂಟು ಆಫೀಸಿನವನು ಬಂದರೆ, ಕಂದಾಯದವನು ಬಂದರೆ ಆಡುವ ತಮಿಳು ಅದು, ಆ ಮರ್ಯಾದೆ. ಮಗಳ ಹತ್ತಿರ ಕನ್ನಡದಲ್ಲೇ ಮಾತನಾಡಿ, ಅಳಿಯನ ಕಡೆ ತಿರುಗಿದಾಗ ಮತ್ತೆ ತಮಿಳು. ಜಗಳವಿಲ್ಲ, ಸಿಟ್ಟಿಲ್ಲ. ಕಾಪಿ ಕೊಡಿಸಿದ, ಕಳಿಸಿಕೊಟ್ಟ. ದಾರಿಯಲ್ಲಿ ಜಾನಮ್ಮ, "ನಾಕು ದಿನ ಹೋಗ್ಲಿ, ಸರಿಯಾಗ್ತದೆ," ಎಂದಳು. ವರ್ಷವಾದರೂ ಸರಿಯಾಗಲಿಲ್ಲ.

ಸುಬ್ಬಾತಾಳ್ ದಂಡಪಾಣಿಗೆ ಅಪ್ಪನ ಕಡೆಯ ದೂರದ ಅತ್ತೆ. ಗಂಡನಿಲ್ಲ, ಮಕ್ಕಳಿಲ್ಲ. ಅವಳ ಹಳೇ ಹಸು ಸಾಯುವ ಮೊದಲು ಒಂದು ಹೆಣ್ಣುಗರು ಬಿಟ್ಟುಹೋಗಿತ್ತು. ಹುಟ್ಟಿದಾಗ ಕೆಂಪಗಿದ್ದು, ಬೆಳೆಯುತ್ತ ಬೂದಿ ಬಣ್ಣಕ್ಕೆ ತಿರುಗಿದ ಸಣ್ಣ ಮೈಯ ಕಡಸು. ಅಮ್ಮನ ಹಾಲು ಬೇಗ ಬತ್ತಿದ್ದರಿಂದ ಮೈಬಿಟ್ಟು ಬೆಳೆದಿರಲಿಲ್ಲ. ಅವಳು ಅದರ ಹತ್ತಿರ ದಿನವಿಡೀ ಮಾತನಾಡುತ್ತಿದ್ದಳು. ಮೇಯಲು ಬಿಟ್ಟರೆ ಅವಳ ದನಿ ಕೇಳುವಷ್ಟು ದೂರದಲ್ಲೇ ಅದು ಮೇಯುತ್ತಿತ್ತು.

೧೯೮೫ರ ತೈ ತಿಂಗಳ ಕೊನೆಯಲ್ಲಿ, ಸಂಕ್ರಾಂತಿ ಕಳೆದು ಮೂರ್ನಾಲ್ಕು ವಾರಕ್ಕೆ, ಕಡಸು ಬೆದೆಗೆ ಬಂತು. ಸುಬ್ಬಾತಾಳ್ ಅದನ್ನು ಸೊಸೈಟಿಗೆ ತಂದಾಗ ಬೆಳಗಿನ ಹತ್ತು ಗಂಟೆ. ಬಿಸಿಲು ಏರಿತ್ತು.

ದಂಡಪಾಣಿ ಕ್ಯಾನಿನ ಮುಚ್ಚಳ ತೆಗೆದು ಅಳತೆಕೋಲು ಇಳಿಬಿಟ್ಟು ನೋಡಿದ. ಕಡ್ಡಿಗಳನ್ನು ಹೆಪ್ಪಾಗಿಡುವ ದ್ರವಸಾರಜನಕ ಎರಡು ಬೆರಳು ಮಾತ್ರ ಉಳಿದಿತ್ತು. ಹೊಸ ಸರಬರಾಜು ಬರುವುದು ಸೋಮವಾರ. ಅಷ್ಟರೊಳಗೆ ಅದು ಆರಿಹೋಗುತ್ತದೆ, ಕಡ್ಡಿಗಳೆಲ್ಲ ಹಾಳಾಗುತ್ತವೆ. ಸಣ್ಣ ಹಸುಗಳಿಗೆ ಹಾಕುವ ಜೆರ್ಸಿಯ ಹಳದಿ ಕಡ್ಡಿ ಮುಗಿದಿದ್ದವು. ಉಳಿದಿದ್ದವು ಫ್ರೀಸಿಯನ್ನಿನ ನಾಲ್ಕು ಗುಲಾಬಿ ಕಡ್ಡಿ. ಫ್ರೀಸಿಯನ್ ದೊಡ್ಡ ಜಾತಿ. ಎರಡು ಸೂಲು ಕಂಡ, ಸೊಂಟ ಅಗಲವಾದ ಹಸುವಿಗೆ ಮಾತ್ರ ಎಂದು ತರಬೇತಿಯಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು. ಗೋಡೆಯ ಮೇಲಿನ ಪಟ್ಟಿಯಲ್ಲಿ ಆ ತಿಂಗಳ ಗುರಿ ಐವತ್ತು ಊಸಿ ಎಂದಿತ್ತು. ಆಗಿದ್ದದ್ದು ನಲವತ್ತೊಂಬತ್ತು.

ಅವನು ಕಡಸಿನ ಹಿಂದೆ ಹೋಗಿ ನಿಂತ. ಸೊಂಟದ ಮೇಲೆ ಕೈ ಇಡಲಿಲ್ಲ. ಇಡಬೇಕಾಗಿಯೂ ಇರಲಿಲ್ಲ. ಆರು ವರ್ಷದವನಿದ್ದಾಗಿನಿಂದ ನೋಡಿ ಬೆಳೆದ ಕಣ್ಣಿಗೆ ದೂರದಿಂದಲೇ ಗೊತ್ತಾಗುತ್ತಿತ್ತು.

"ಚಿಕ್ಕದಾಯ್ತಾ ಕಣ್ಣು?" ಎಂದು ಸುಬ್ಬಾತಾಳ್ ಕೇಳಿದಳು. "ನಿಮ್ಮ ಮಾಮನ ಹತ್ರ ತೋರಿಸ್ದೆ. ನನ್ನನ್ನ ಯಾಕ್ ಕೇಳ್ತಿ, ಊಸಿ ಹಾಕೋರನ್ನ ಕೇಳು ಅಂದ. ಬ್ಯಾಡಾಂದ್ರೆ ಹೇಳು, ಹೊಡ್ಕೊಂಡು ಹೋಗ್ತೀನಿ. ನಂಗೇನ್ ಅವಸರ ಇಲ್ಲೆ."

ದಂಡಪಾಣಿ ಕಡಸನ್ನು ನೋಡಿದ. ಕ್ಯಾನನ್ನು ನೋಡಿದ.

"ಪರವಾಗಿಲ್ಲೆ ಅತ್ತೆ. ಹಾಕಾಣ," ಎಂದ.

ಕಡ್ಡಿಯ ನಂಬರು ರಿಜಿಸ್ಟರಿಗೆ ತಾಳೆಯಾಗಬೇಕಾದ್ದರಿಂದ ಜಾತಿಯನ್ನು ಮರೆಮಾಚುವಂತಿರಲಿಲ್ಲ. ಕಾರ್ಡಿನಲ್ಲಿ 'ಎಷ್ಟನೇ ಸೂಲು' ಎಂಬ ಕಡೆ ಅವನು ತಮಿಳಿನಲ್ಲಿ 'ಮೂರು' ಎಂದು ಬರೆದ. ಕಾರ್ಡನ್ನು ಸುಬ್ಬಾತಾಳ್ ಮಡಚಿ ಸೆರಗಿಗೆ ಕಟ್ಟಿಕೊಂಡಳು. ತಮಿಳಾದರೂ ಓದಲು ಅವಳಿಗೆ ಬರುತ್ತಿರಲಿಲ್ಲ.

ಕಡಸು ಗಬ್ಬ ನಿಂತಿತು. ಅವಳ ಸಂಭ್ರಮ ಹೇಳತೀರದು. ಹತ್ತಿಬೀಜ ಅರೆದು ಹಾಕಿದಳು, ಕೊಳುಕ್ಕಟ್ಟೆ ಹುಲ್ಲು ಆರಿಸಿ ತಂದಳು. ಪುರಟ್ಟಾಸಿ ತಿಂಗಳು ಕಳೆಯುವ ಹೊತ್ತಿಗೆ ಕಡಸಿನ ಹೊಟ್ಟೆ ಎರಡೂ ಕಡೆ ಚಾಚಿ, ಮೈಗೂ ಹೊಟ್ಟೆಗೂ ಸಂಬಂಧವಿಲ್ಲದ ಹಾಗೆ ಕಾಣುತ್ತಿತ್ತು. ದಂಡಪಾಣಿ ಆ ಬೀದಿಯಲ್ಲಿ ಸೈಕಲ್ಲು ಹೊಡೆಯುವುದನ್ನೇ ಬಿಟ್ಟ. ಊರು ಬಳಸಿ ಹೋಗುತ್ತಿದ್ದ.

ಒಂಬತ್ತು ತಿಂಗಳು ತುಂಬಿ, ಐಪ್ಪಸಿಯ ಒಂದು ಬೆಳಿಗ್ಗೆ ಬೇನೆ ಶುರುವಾಯಿತು. ಅವನು ಹೋಗುವಷ್ಟರಲ್ಲಿ ಮುಂಗಾಲಿನ ಎರಡು ಗೊರಸು ಹೊರಗೆ ಕಾಣುತ್ತಿದ್ದವು. ಅಂಥ ದಪ್ಪ ಗೊರಸನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ. ತಲೆ ಬರಲಿಲ್ಲ. ಒಂದು ಗಂಟೆ, ಎರಡು ಗಂಟೆ. ಕಡಸು ಮಲಗಿತು, ಎದ್ದಿತು, ಮತ್ತೆ ಮಲಗಿತು. ಕಾಂಗೇಯಂಗೆ ಡಾಕ್ಟರನ್ನು ಕರೆಯಲು ಆಳು ಹೋಗಿತ್ತು. ತಡೆಯಲಾರದೆ ದಂಡಪಾಣಿ ಗೊರಸಿಗೆ ಹಗ್ಗ ಕಟ್ಟಿ, ಇಬ್ಬರನ್ನು ಸೇರಿಸಿಕೊಂಡು ಎಳೆಯಲು ಹಿಡಿದ. ಕಡಸು ಕೂಗಿದ ಕೂಗಿಗೆ ಸುಬ್ಬಾತಾಳ್ ಕಿವಿ ಮುಚ್ಚಿಕೊಂಡಳು.

"ಬಿಡೋ! ಹಗ್ಗ ಬಿಡೋ ಮಾಪ್ಳೆ! ಹರಿದೋಗ್ತದೆ!"

ಮಯಿಲ್‌ಸಾಮಿ ಬೇಲಿ ದಾಟಿ ಓಡಿ ಬರುತ್ತಿದ್ದ. ಬಂದವನು ಅಳಿಯನನ್ನು ಭುಜ ಹಿಡಿದು ಪಕ್ಕಕ್ಕೆ ನೂಕಿ, ಕೈಗೆ ಎಣ್ಣೆ ಹಚ್ಚಿಕೊಂಡು ಕಡಸಿನ ಹಿಂದೆ ಮಂಡಿಯೂರಿದ. ಒಳಗೆ ಕೈಯಾಡಿಸಿ ಬಹಳ ಹೊತ್ತು ಪ್ರಯತ್ನಪಟ್ಟ. ಆಮೇಲೆ ಕೈ ಹೊರಗೆ ತೆಗೆದು ಹಾಗೇ ನೆಲದ ಮೇಲೆ ಕುಳಿತ.

"ಜಾಗ ಇಲ್ಲೆ," ಎಂದ. "ಕರು ತಿರುಗಿಲ್ಲ, ಏನಿಲ್ಲ. ಸರಿಯಾಗೇ ಇದೆ. ಬರಕ್ಕೆ ಜಾಗ ಇಲ್ಲೆ."

ಚೆನ್ನಕೇಶವನ್ ಬಂದಾಗ ಮಧ್ಯಾಹ್ನವಾಗಿತ್ತು. ಕರು ಒಳಗೇ ಸತ್ತಿತ್ತು. ತುಂಡು ಮಾಡಿ ತೆಗೆಯಬೇಕಾಯಿತು. ಕಡಸು ಅದನ್ನೂ ತಡೆದುಕೊಂಡಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಮೂರು ಗಂಟೆಯ ಹೊತ್ತಿಗೆ ಸುಬ್ಬಾತಾಳ್ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಿನವೂ ಮಾತನಾಡುವ ಹಾಗೆಯೇ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಹೇಳುತ್ತಿದ್ದವಳು ನಡುವೆ ಒಮ್ಮೆ ಸುಮ್ಮನಾದಳು. ಆಗ ಎಲ್ಲರಿಗೂ ತಿಳಿಯಿತು.

ಡಾಕ್ಟರು ಕೈ ತೊಳೆದು ಕಾರ್ಡು ಕೇಳಿದರು. ಓದಿದರು. ಬಗ್ಗಿ ಕಡಸಿನ ತುಟಿ ಸರಿಸಿ ಹಲ್ಲು ನೋಡಿದರು. ಮೂರನೇ ಸೂಲಿನ ಹಸುವಿನ ಹಲ್ಲಲ್ಲ ಅದು. ದಂಡಪಾಣಿಯನ್ನು ನೋಡಿದರು. ದಂಡಪಾಣಿ ನೆಲ ನೋಡಿದ.

ಬೇವಿನ ಮರದ ಕಡೆಗೆ ಕರೆದುಕೊಂಡು ಹೋಗಿ ಅವರು ಮೆಲ್ಲಗೆ ತಮಿಳಿನಲ್ಲಿ ಹೇಳಿದರು: "ಕರು ಅಡ್ಡ ತಿರುಗಿತ್ತು ಅಂತ ಬರೀತೀನಿ. ಈಗ ಬೇರೆ ಏನಾದರೂ ಬರೆದರೆ ಸುತ್ತಲ ಇಪ್ಪತ್ತು ಊರಲ್ಲಿ ಒಬ್ಬರೂ ಹಸು ತರೋದಿಲ್ಲ. ಒಂದು ಕಡಸಿಗೋಸ್ಕರ ಇಷ್ಟು ವರ್ಷದ ಕೆಲಸ ಹಾಳಾಗಬೇಕಾ?"

ಒಬ್ಬರಿಗೋಸ್ಕರ ಊರು ಹಿಂದೆ ಬೀಳಬಾರದೆಂದು ತಾನೇ ಆಡಿದ ಮಾತು ದಂಡಪಾಣಿಗೆ ನೆನಪಾಯಿತು. ಅವನು ತಲೆಯಾಡಿಸಿದ. ವಾಪಸು ಬಂದು, "ಕರು ಅಡ್ಡ ತಿರುಗಿತ್ತಂತೆ ಅತ್ತೆ. ಯಾರ ಕೈಲೂ ಏನೂ ಇರ್ಲಿಲ್ಲ," ಎಂದ. ಕರು ಸರಿಯಾಗೇ ಇತ್ತೆಂದು ಬೆಳಿಗ್ಗೆ ಮಯಿಲ್‌ಸಾಮಿ ಹೇಳಿದ್ದನ್ನು ಎಲ್ಲರೂ ಕೇಳಿದ್ದರು. ಅವರು ಗುದ್ದಲಿ ತರಲು ಎದ್ದರು.

ಹೂಳಿ ಮುಗಿಸಿ ಮನೆಗೆ ನಡೆಯುವಾಗ ಮಯಿಲ್‌ಸಾಮಿ ಅವನ ಪಕ್ಕಕ್ಕೇ ಬಂದ.

"ನನ್ನ ಹತ್ರ ತಂದಿದ್ಲು," ಎಂದ. "ಕೈ ಇಟ್ಟೆ. ಗೊತ್ತಾಯ್ತು. ಬ್ಯಾಡ ಅನ್ನಕ್ಕೆ ಒಂದು ಮಾತು ಸಾಕಿತ್ತು. ನಿನ್ನ ಮೇಲಿನ ಕೋಪಕ್ಕೆ ಬಾಯಿ ಮುಚ್ಕೊಂಡೆ."

ಒಂದೂವರೆ ವರ್ಷದ ಮೇಲೆ ಮಾಮ ಅವನ ಹತ್ತಿರ ಮನೆಮಾತಿನಲ್ಲಿ ಆಡಿದ್ದು ಆ ದಿನವೇ. ಅಂಥ ಹೊತ್ತಿನಲ್ಲಿ ಅದು ಸಿಕ್ಕಿತೆಂದು ದಂಡಪಾಣಿಗೆ ಸಂತೋಷಪಡಲೂ ಆಗಲಿಲ್ಲ.

ಆಮೇಲೆ ಅವನು ಹಸುಗಳ ಸೊಂಟಕ್ಕೆ ಕೈ ಇಟ್ಟು ನೋಡಲು ಶುರುಮಾಡಿದ. ಸಣ್ಣವನ್ನು ವಾಪಸು ಕಳಿಸಿದ. ಗುರಿ ಮುಟ್ಟದೆ ಮೂರು ತಿಂಗಳಿಗೆ ಮೂರು ನೋಟೀಸು ಬಂತು. ನಾಟಿ ಹಸುಗಳಿಗೆಂದು ಊರಿಗೊಂದು ಹೋರಿ ಇಡೋಣವೆಂದು ಡಾಕ್ಟರಿಗೆ ಕೇಳಿದ. ಅವರು ನಕ್ಕು, ತಾವು ಒಡೆಸಿದ್ದನ್ನು ತಾವೇ ಕೊಂಡು ತರುವುದು ಹೇಗೆಂದರು. ಮಯಿಲ್‌ಸಾಮಿಯ ಹೋರಿ ಆಗಲೇ ಗಾಡಿ ಎಳೆಯುತ್ತಿತ್ತು. ಹಾಗೆಂದು ಯೋಜನೆ ಸೋಲಲಿಲ್ಲ. ಮಿಶ್ರತಳಿಯ ಹಸುಗಳು ನಿಜವಾಗಿಯೂ ಹಾಲು ಕೊಟ್ಟವು. ಎಷ್ಟೋ ಮನೆಗೆ ಹಂಚು ಬಂತು, ಮಕ್ಕಳ ಕೆನ್ನೆ ತುಂಬಿತು. ಗಂಡುಕರುಗಳು ಮಾತ್ರ ಬಿಸಿಲಿಗೆ ಏದುಸಿರು ಬಿಡುತ್ತಿದ್ದವು, ನೊಗಕ್ಕೆ ಹಿಣಿಲಿರಲಿಲ್ಲ. ಅವನ್ನು ವಾರಕ್ಕೊಮ್ಮೆ ಲಾರಿಯಲ್ಲಿ ಪೊಳ್ಳಾಚಿ ಸಂತೆಗೆ ತುಂಬಿಸಿ, ಅಲ್ಲಿಂದ ಕೇರಳಕ್ಕೆ ದಾಟಿಸುತ್ತಿದ್ದರು.

೧೯೮೮ರಲ್ಲಿ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ದಂಡಪಾಣಿಗೆ ಶಾಲು ಹೊದಿಸಿದರು. ಮೈಕಿನಲ್ಲಿ ವರದಿ ಓದಿದವರು ಒಂದು ಸಾಲು ಓದಿದರು: ಐದು ವರ್ಷದಲ್ಲಿ ಊಸಿಯ ದೋಷದಿಂದ ಒಂದೇ ಒಂದು ಹಸುವೂ ಸತ್ತಿಲ್ಲ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಮಯಿಲ್‌ಸಾಮಿ ಎದ್ದು ಹೊರಗೆ ಹೋದ.

ಮರುದಿನ ಬೆಳಿಗ್ಗೆ ದಂಡಪಾಣಿ ತಿರುಪ್ಪೂರಿನ ಬಸ್ಸು ಹತ್ತಿದ.

ಸುಬ್ಬಾತಾಳ್ ಊರು ಬಿಟ್ಟು ಎರಡು ವರ್ಷವಾಗಿತ್ತು. ಹಸುವಿಲ್ಲದ ಕೊಟ್ಟಿಗೆಯನ್ನು ನೋಡಿಕೊಂಡು ಕೂರಲಾಗದೆ, ಪಕ್ಕದ ಮನೆ ಹೆಂಗಸರ ಜೊತೆ ಬನಿಯನ್ ಕಂಪನಿಯ ಕೆಲಸಕ್ಕೆ ಹೋಗಿಬಿಟ್ಟಿದ್ದಳು. ರೈಲ್ವೆ ಹಳಿಯ ಆಚೆ ಒಂದು ಸಾಲುಮನೆಯಲ್ಲಿ ನಾಲ್ವರು ಹೆಂಗಸರೊಂದಿಗೆ ಇದ್ದಳು. ಅವನು ಹೋದಾಗ ಬಾಗಿಲ ಬೆಳಕಿಗೆ ಕೂತು, ರಾಶಿ ಬಿದ್ದ ಬನಿಯನ್ನುಗಳ ಹೊಲಿಗೆಯಿಂದ ಹೆಚ್ಚಿನ ನೂಲು ಕತ್ತರಿಸುತ್ತಿದ್ದಳು. ಕೂದಲೆಲ್ಲ ಹತ್ತಿಯ ಧೂಳು.

"ಬಾ ಕಣ್ಣು. ಜಾನಮ್ಮ ಚೆನ್ನಾಗವ್ಳಾ?" ಎಂದು ಒಂದು ಕಡೆ ರಾಶಿ ಸರಿಸಿ ಜಾಗ ಮಾಡಿದಳು.

ಅವನು ಕೂತ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೊಂದೂ ನೆನಪಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಕ್ಯಾನಿನಲ್ಲಿ ದ್ರವ ಮುಗಿಯುತ್ತ ಬಂದಿದ್ದು, ಗುಲಾಬಿ ಕಡ್ಡಿ, ನಲವತ್ತೊಂಬತ್ತರ ಲೆಕ್ಕ, ಕಾರ್ಡಿನಲ್ಲಿ ಬರೆದ ಮೂರು. ಕರು ಅಡ್ಡ ತಿರುಗಿರಲಿಲ್ಲವೆಂಬುದನ್ನೂ ಹೇಳಿದ.

ಅವಳು ಕತ್ತರಿ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಬನಿಯನ್ ಮುಗಿಸಿ, ಮಡಚಿ ಪಕ್ಕಕ್ಕಿಟ್ಟಳು.

"ಕಾರ್ಡಲ್ಲಿ ಏನ್ ಬರ್ದೆಯೋ ನಂಗೇನ್ ಗೊತ್ತು," ಎಂದಳು. "ಆದ್ರೆ ನೀ ಅವತ್ತು ಕಡಸ್ನ ನೋಡ್ದೆ, ಆಮೇಲೆ ಕ್ಯಾನ್ ನೋಡ್ದೆ. ಅದು ನಂಗ್ ಕಾಣಿಸ್ತು. ಡಾಕ್ಟ್ರು ಆಗಿದ್ರೆ ಹಗ್ಗ ಹಿಡ್ಕೊಂಡು ವಾಪಸ್ ಬಂದಿರ್ತಿದ್ದೆ. ನೀ ನಮ್ಮ ಮನೆ ಹುಡ್ಗ ಅಂತ ನಂಬಿ ನಿಂತೆ."

ದಂಡಪಾಣಿಗೆ ತಲೆ ಎತ್ತಲಾಗಲಿಲ್ಲ. "ಒಂದು ಹೆಣ್ಣುಗರು ಹುಡುಕಿದೀನಿ ಅತ್ತೆ. ನಾಟಿದೇ. ಊರಿಗೆ ಬಾ. ನಾನೇ ತಂದು ಕಟ್ಟಿಕೊಡ್ತೀನಿ," ಎಂದ.

"ಬ್ಯಾಡ," ಎಂದಳು. ಕೋಪದಿಂದಲ್ಲ. "ಇನ್ನೊಂದರ ಹತ್ರ ಮಾತಾಡಕ್ಕೆ ನಂಗೆ ಆಗಲ್ಲೆ. ಇಲ್ಲಿ ಮಿಷನ್ ಸದ್ದಲ್ಲಿ ಮಾತೇ ಬೇಕಾಗಲ್ಲ. ಅದೇ ವಾಸಿ."

ಒಳಗಿನಿಂದ ಒಬ್ಬಳು ಸಮಯವಾಯಿತೆಂದು ತಮಿಳಿನಲ್ಲಿ ಕೂಗಿದಳು. ಎರಡು ಗಂಟೆಯ ಪಾಳಿಗೆ ಹೊರಡಬೇಕಿತ್ತು. ಸುಬ್ಬಾತಾಳ್ ಎದ್ದು, ಸೀರೆಗೆ ಅಂಟಿದ ನೂಲು ಕೊಡವಿ, ಪಾತ್ರೆಯಲ್ಲಿ ಉಳಿದಿದ್ದ ಅನ್ನಕ್ಕೆ ಸಾರು ಹಾಕಿ ಅವನ ಮುಂದೆ ಇಟ್ಟಳು.

"ಉಂಡು ಹೋಗು. ಬಾಗ್ಲು ಎಳ್ಕೊಂಡ್ರೆ ಸಾಕು, ಬೀಗ ಬ್ಯಾಡ," ಎಂದಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಹೆಂಗಸರು ಐವರೂ ಓಣಿಯಲ್ಲಿ ಬಿರಬಿರನೆ ನಡೆದು ತಿರುವಿನಲ್ಲಿ ಮರೆಯಾದರು. ಅವನು ಒಬ್ಬನೇ ಕೂತು, ತಣ್ಣಗಾದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡ. ತಟ್ಟೆ ತೊಳೆದು ಗೋಡೆಗೆ ಒರಗಿಸಿಟ್ಟು, ಬಾಗಿಲು ಎಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.